ತೇಲುವ ಹೊಲಕ್ಕೆ ಹದ್ದುಬಸ್ತು

ಹೊಲ ಅಳೆಯೋದು ನನ್ನ ಕಸುಬು. ಕಲಬುರಗಿಯ ಸ್ಟೇಷನ್ ರಸ್ತೆ ಕಡೆ ಸಣ್ಣದೊಂದು ಆಫೀಸ್ ಇದೆ. ಪೋಡಿ (ಹೊಲ ಪಾಲು ಮಾಡಿ ಅಳೆಯೋದು), ಹದ್ದುಬಸ್ತು (ಗಡಿ ಗುರುತಿಸೋದು), ಲೇಔಟ್ ನಕ್ಷೆ, ಇಷ್ಟೇ ಕೆಲಸ. ತೊಗರಿ ರಾಶಿ ಮುಗಿದ ಮೇಲೆ ಹೊಲ ಖಾಲಿ ಬೀಳುತ್ತವೆ. ಆಗ ಬದುವಿನ ಜಗಳಗಳೆಲ್ಲ ನಮ್ಮ ಬಾಗಿಲಿಗೆ ಬರುತ್ತವೆ.

2025ರ ಜನವರಿಯಲ್ಲಿ ಅಂಥ ಒಂದು ದಿನ, ಊಟ ಮಾಡುತ್ತ ಮೊಬೈಲ್‌ನಲ್ಲಿ ಒಂದು ಸುದ್ದಿ ಓದಿದೆ. ಜಗತ್ತಿನ ಅತಿ ದೊಡ್ಡ ಐಸ್‌ಬರ್ಗ್ ಎ23ಎ, ದಕ್ಷಿಣ ಅಟ್ಲಾಂಟಿಕ್ ಸಾಗರದ ದಕ್ಷಿಣ ಜಾರ್ಜಿಯಾ ಅನ್ನೋ ದ್ವೀಪದ ಕಡೆ ತೇಲಿ ಹೊರಟಿದೆ ಅಂತ. ಒಂದು ಕಡೆ ಅದರ ವಿಸ್ತೀರ್ಣ 3,500 ಚದರ ಕಿ.ಮೀ. ಅಂತ ಇತ್ತು. ಇನ್ನೊಂದು ಕಡೆ 3,672. ಮತ್ತೊಂದು ಕಡೆ 4,000. ಒಂದೇ ಸರ್ವೆ ನಂಬರಿಗೆ ಮೂರು ವಿಸ್ತೀರ್ಣ! ನಮ್ಮ ಕಡೆ ಹೀಗೆ ಬರೆದು ಕೊಟ್ಟರೆ ಮೂರು ಕೇಸ್ ಬೀಳುತ್ತವೆ.

ಕರಗುತ್ತ ಹೋಗೋ ವಸ್ತು, ಅಳೆದ ದಿನ ಬೇರೆ ಬೇರೆ ಇರಬಹುದು ಅನ್ನೋದು ಗೊತ್ತಿತ್ತು. ಆದರೂ ಒಮ್ಮೆ ನಾನೇ ಅಳೆದು ನೋಡಬೇಕು ಅನಿಸಿತು. ಸೆಪ್ಟೆಂಬರ್ ತನಕ ನಡೆದ ಆ ಉಸಾಬರಿಯ ವಿವರ ಇದು. ಕೈ ಕೊಟ್ಟದ್ದು ಏನೇನು ಅನ್ನೋದೇ ಇದರಲ್ಲಿ ಜಾಸ್ತಿ ಇದೆ.

ಸಾಮಾನು

ಎಂಟು ವರ್ಷ ಹಳೆಯ ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್. ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್ ಮೊದಲೇ ಇತ್ತು, ದಿನದ ಕೆಲಸ ಅದರಲ್ಲೇ. ಪ್ರೋಗ್ರಾಮ್ ಬರೆಯುವ ಭಾಷೆ ಪೈಥಾನ್ ನನಗೆ ಅಷ್ಟಕ್ಕಷ್ಟೆ. ಪಿಯುಸಿ ಓದುವ ಅಕ್ಕನ ಮಗನಿಗೆ ಬರುತ್ತದೆ, ಅವನನ್ನು ಸೇರಿಸಿಕೊಂಡೆ. ಹೊಸದಾಗಿ ಕೊಂಡಿದ್ದು 2 ಟಿಬಿ ಹಾರ್ಡ್‌ಡಿಸ್ಕ್ ಒಂದೇ. ಉಪಗ್ರಹದ ಚಿತ್ರಗಳು ಪುಕ್ಕಟೆ. ಇದನ್ನು ಹೇಳಿದರೆ ನಮ್ಮ ಲೈನಿನವರೇ ನಂಬೋದಿಲ್ಲ.

ಪಟ್ಟಿ ಓದೋದು

ಮೊದಲು ಬೇಕಾದದ್ದು ಈ ಹಿಮದ ಗಡ್ಡೆ ಎಲ್ಲಿದೆ ಅನ್ನೋದು. ಅಮೆರಿಕದ ನ್ಯಾಷನಲ್ ಐಸ್ ಸೆಂಟರ್ ಪ್ರತಿ ವಾರ ಒಂದು ಪಟ್ಟಿ ಹಾಕುತ್ತದೆ. ಹೆಸರು, ಉದ್ದ, ಅಗಲ, ಅಕ್ಷಾಂಶ, ರೇಖಾಂಶ. ಹೆಸರಿಡುವ ಪದ್ಧತಿ ನೋಡಿ ನಾನು ನಕ್ಕುಬಿಟ್ಟೆ. ಇದು ನಮ್ಮ ಕಂದಾಯ ಇಲಾಖೆಯದೇ ಲೆಕ್ಕ! ಅಂಟಾರ್ಕ್ಟಿಕವನ್ನು ರೊಟ್ಟಿ ಮುರಿದ ಹಾಗೆ ನಾಲ್ಕು ಭಾಗ ಮಾಡಿದ್ದಾರೆ. ಸೊನ್ನೆಯಿಂದ 90 ಡಿಗ್ರಿ ಪಶ್ಚಿಮದ ತನಕ ಎ, ಅಲ್ಲಿಂದ 180ರ ತನಕ ಬಿ, ಆಮೇಲೆ ಸಿ, ಡಿ. ಇದು ಹೋಬಳಿ ಅಂದುಕೊಳ್ಳಿ. ಆ ಭಾಗದಲ್ಲಿ ಮುರಿದು ಬಿದ್ದ 23ನೇ ಗಡ್ಡೆ ಎ23. ಇದು ಸರ್ವೆ ನಂಬರ್. ಅದು ಒಡೆದು ಎರಡಾದರೆ ಎ23ಎ, ಎ23ಬಿ. ಇದು ಹಿಸ್ಸಾ. ಸಿಕ್ಕ ಸಿಕ್ಕ ಗಡ್ಡೆಗೆಲ್ಲ ನಂಬರ್ ಕೊಡೋದಿಲ್ಲ. ಉದ್ದ 10 ನಾಟಿಕಲ್ ಮೈಲಿ ಇರಬೇಕು, ಇಲ್ಲವೇ ವಿಸ್ತೀರ್ಣ 20 ಚದರ ನಾಟಿಕಲ್ ಮೈಲಿ ಇರಬೇಕು. ಅಂದರೆ ಸುಮಾರು 69 ಚದರ ಕಿ.ಮೀ. ನಮ್ಮ ಲೆಕ್ಕದಲ್ಲಿ 17,000 ಎಕರೆ. ಅದಕ್ಕಿಂತ ಚಿಕ್ಕದು ಅವರ ಪಾಲಿಗೆ ಹೆಸರಿಲ್ಲದ ಚೂರು.

ಇಲ್ಲಿ ಮೊದಲ ತಪ್ಪು ಮಾಡಿದೆ. ಹಳೆಯ ಪಟ್ಟಿಯೊಂದರಲ್ಲಿ ಎ23ಎ ಉದ್ದ 40, ಅಗಲ 32 ಅಂತ ಇತ್ತು. ಮೈಲಿ ಅಂದಕೂಡಲೇ ಕೈ ತಾನಾಗಿ 1.609ರಿಂದ ಗುಣಿಸಿತು. ವಿಸ್ತೀರ್ಣ 3,300 ಚಿಲ್ಲರೆ ಬಂತು. ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಹಾಗೆ ಮಾಡಿದರೆ 74 ಕಿ.ಮೀ. ಗುಣಿಸು 59 ಕಿ.ಮೀ., ಸುಮಾರು 4,390. ಇದೂ ತಪ್ಪೇ. ಮೂಲೆ ಹರಿದ ಹೊಲಕ್ಕೆ ಉದ್ದ ಅಗಲ ಗುಣಿಸಿದರೆ ವಿಸ್ತೀರ್ಣ ಬರುತ್ತದೆಯೇ? ಹಳ್ಳಿಯ ಹುಡುಗರಿಗೂ ಗೊತ್ತು ಬರೋದಿಲ್ಲ ಅಂತ. ಸುತ್ತಲೂ ಗೆರೆ ಎಳೆಯದೆ ದಾರಿ ಇಲ್ಲ.

ಎರಡನೇ ತಪ್ಪು ಅಳಿಯನದು. ಪಟ್ಟಿಯಲ್ಲಿ ಅಕ್ಷಾಂಶ ಮೊದಲು, ಪ್ರೋಗ್ರಾಮ್‌ಗೆ ರೇಖಾಂಶ ಮೊದಲು ಬೇಕು. ತಿರುವು ಮುರುವು ಆಯಿತು. ದಕ್ಷಿಣ ಜಾರ್ಜಿಯಾ ಕಡೆ ಇರಬೇಕಾದ ಗುರುತುಗಳು ಉರುಗ್ವೆ ದೇಶದ ಕಡಲಲ್ಲಿ ಹೋಗಿ ಕೂತವು. ಅರ್ಧ ಗಂಟೆ ನಾವಿಬ್ಬರೂ ಅದನ್ನೇ ನಂಬಿಕೊಂಡು ಕೂತಿದ್ದೆವು.

ರೇಡಾರ್ ಚಿತ್ರ

ಫೋಟೋ ತೆಗೆಯುವ ಉಪಗ್ರಹಗಳು ಅಲ್ಲಿ ಹೆಚ್ಚು ದಿನ ಉಪಯೋಗಕ್ಕೆ ಬರೋದಿಲ್ಲ. ಯಾವಾಗಲೂ ಮೋಡ. ಚಳಿಗಾಲದಲ್ಲಿ ದಕ್ಷಿಣಕ್ಕೆ ಹೋದಷ್ಟೂ ಕತ್ತಲೆ. ಅದಕ್ಕೇ ರೇಡಾರ್. ಯುರೋಪಿನ ಸೆಂಟಿನೆಲ್-1 ಉಪಗ್ರಹ ತಾನೇ ರೇಡಿಯೋ ಅಲೆ ಕಳಿಸಿ, ವಾಪಸ್ ಬಂದದ್ದನ್ನು ಅಳೆಯುತ್ತದೆ. ಮೋಡ, ಕತ್ತಲೆ ಎರಡರ ಹಂಗೂ ಅದಕ್ಕಿಲ್ಲ. ಧ್ರುವದ ಕಡಲಿಗೆ ಅಂತಲೇ ಅದರಲ್ಲಿ ಒಂದು ಅಗಲದ ಪಟ್ಟೆ ಇದೆ. ಒಂದೇ ಸಲಕ್ಕೆ 400 ಕಿ.ಮೀ. ಅಗಲ ನೋಡುತ್ತದೆ, ಒಂದೊಂದು ಚುಕ್ಕೆ 40 ಮೀಟರ್‌ನದು. ನಾನು ಹೊಲ ಅಳೆಯುವ ಯಂತ್ರ, ಟೋಟಲ್ ಸ್ಟೇಷನ್, ಮಿಲಿಮೀಟರ್ ತೋರಿಸುತ್ತದೆ ನಿಜ. ಆದರೆ 70 ಕಿ.ಮೀ. ಉದ್ದದ ಹೊಲಕ್ಕೆ 40 ಮೀಟರ್ ಸಾಕು ಅಲ್ವಾ.

ಒಂದೊಂದು ಫೈಲ್ ನೂರಾರು ಎಂಬಿ. ರಾತ್ರಿ ಇಳಿಸಲು ಹಾಕಿ ಮನೆಗೆ ಹೋಗೋದು, ಬೆಳಿಗ್ಗೆ ಬಂದು ನೋಡಿದರೆ ಫೈಲ್ ಅರ್ಧಕ್ಕೆ ನಿಂತಿರೋದು. ಒಮ್ಮೆ ಕರೆಂಟ್ ಹೋಗಿರುತ್ತಿತ್ತು. ಇನ್ನೊಮ್ಮೆ ಲಾಗಿನ್ ಅವಧಿ ಮುಗಿದಿರುತ್ತಿತ್ತು. ಅರ್ಧ ಇಳಿದ ಫೈಲ್ ಕೆಲವು ಸಲ ತೆರೆದುಕೊಳ್ಳುತ್ತದೆ, ಅದೇ ದೊಡ್ಡ ಮೋಸ. ಚಿತ್ರದ ಕೆಳಗೆ ಕಪ್ಪು ಪಟ್ಟಿ ಕಂಡು ಅದನ್ನು ಕಡಲು ಅಂದುಕೊಂಡಿದ್ದೂ ಉಂಟು. ಕೊನೆಗೆ ಅಳಿಯ ಸಣ್ಣ ಸ್ಕ್ರಿಪ್ಟ್ ಬರೆದ. ಅವಧಿ ಮುಗಿದರೆ ಅದೇ ಮತ್ತೆ ಲಾಗಿನ್ ಆಗುತ್ತದೆ. ಇಳಿದ ಮೇಲೆ ಫೈಲಿನ ಚೆಕ್‌ಸಮ್ (ಫೈಲ್ ಪೂರ್ತಿ ಇಳಿದಿದೆಯೇ ಅಂತ ತೋರಿಸುವ ಸಂಖ್ಯೆ) ಹೋಲಿಸುತ್ತದೆ, ತಾಳೆ ಆಗದಿದ್ದರೆ ಬಿಸಾಕುತ್ತದೆ.

ಮೊದಲ ಚಿತ್ರ ಸರಿಯಾಗಿ ತೆರೆದ ದಿನ ಇಬ್ಬರೂ ಕುರ್ಚಿ ತುದಿಯಲ್ಲಿ ಕೂತಿದ್ದೆವು. ಬೂದು ಬಣ್ಣದ ಕಡಲು, ನಡುವೆ ಬೆಳ್ಳಗೆ ದೊಡ್ಡ ಬಂಡೆ. ಅವನು ತಲೆ ಒಂದು ಕಡೆ ವಾಲಿಸಿ ನೋಡಿದ.

"ಮಾಮಾ, ಇದು ಉಲ್ಟಾ ಅದ ನೋಡ್ರಿ."

ಹೌದು, ಉಲ್ಟಾ ಇತ್ತು. ರೇಡಾರ್ ಚಿತ್ರದ ಸಾಲುಗಳು ಉಪಗ್ರಹ ನೋಡಿದ ಕ್ರಮದಲ್ಲೇ ಜೋಡಿಸಿರುತ್ತವೆ. ಉಪಗ್ರಹ ದಕ್ಷಿಣದಿಂದ ಉತ್ತರಕ್ಕೆ ಹೋಗುವಾಗ ತೆಗೆದದ್ದು ಮೇಲೆ ಕೆಳಗಾಗಿ ಬರುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಇಳಿಯುವಾಗ ತೆಗೆದದ್ದು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಆಗಿ ಬರುತ್ತದೆ. ಫೈಲಿನ ಒಳಗೆ ನೂರಾರು ಹಿಡಿತದ ಬಿಂದುಗಳು ಇರುತ್ತವೆ, ಈ ಚುಕ್ಕೆ ಇಂಥ ಅಕ್ಷಾಂಶ ರೇಖಾಂಶ ಅಂತ. ಅವುಗಳ ಆಧಾರದ ಮೇಲೆ ಚಿತ್ರವನ್ನು ನಕ್ಷೆಗೆ ಕೂಡಿಸಬೇಕು. ಜಿಡಾಲ್ ಅನ್ನೋ ತಂತ್ರಾಂಶದಲ್ಲಿ ಒಂದೇ ಸಾಲಿನ ಆದೇಶ. ಆ ಒಂದು ಸಾಲು ಸಿಗಲು ನಾಲ್ಕು ದಿನ ಹಿಡಿಯಿತು.

ಇನ್ನೊಂದು ಪೇಚು. ಕೆಲವು ದಿನ ಗಡ್ಡೆ ಚಿತ್ರದ ಅಂಚಿಗೆ ಬಿದ್ದು ಅರ್ಧವೇ ಕಾಣುತ್ತದೆ. ಹೊಲದಲ್ಲಾದರೆ ಇವತ್ತು ಅರ್ಧ ಅಳೆದು ನಾಳೆ ಇನ್ನರ್ಧ ಅಳೆದು ಕೂಡಿಸುತ್ತೇವೆ. ಇಲ್ಲೂ ಅದನ್ನೇ ಮಾಡಿದೆ. ಎರಡು ದಿನದ ಎರಡು ಚೂರು ಜೋಡಿಸಿದರೆ ನಡುವೆ ಕಿಲೋಮೀಟರ್‌ಗಟ್ಟಲೆ ಮೆಟ್ಟಿಲು! ರಾತ್ರೋರಾತ್ರಿ ಹೊಲ ಸರಿದು ಹೋಗಿತ್ತು. ಉಪಗ್ರಹದ ಒಂದೇ ಓಟದಲ್ಲಿ ಹಿಂದೆ ಮುಂದೆ ತೆಗೆದ ಎರಡು ಚಿತ್ರ ಮಾತ್ರ ಕೂಡಿಸಬಹುದು.

ಕಡಲು ಎಲ್ಲಿ ಮುಗಿಯಿತು, ಹಿಮ ಎಲ್ಲಿ ಶುರು

ಒಂದು ಮಟ್ಟಕ್ಕಿಂತ ಬೆಳ್ಳಗಿದ್ದರೆ ಹಿಮ, ಕಪ್ಪಗಿದ್ದರೆ ನೀರು. ಕಾಗದದ ಮೇಲೆ ಇಷ್ಟು ಸುಲಭ. ಗಾಳಿ ಇಲ್ಲದ ದಿನ ನಿಜವಾಗಿಯೂ ಇಷ್ಟೇ. ಆದರೆ ಆ ಕಡಲಲ್ಲಿ ಗಾಳಿ ಇಲ್ಲದ ದಿನ ಎಷ್ಟಿರುತ್ತವೆ? ನಾವಿಕರು ಆ ಅಕ್ಷಾಂಶಗಳಿಗೆ 'ಕೆರಳಿದ ಐವತ್ತು' ಅಂತಲೇ ಹೆಸರಿಟ್ಟಿದ್ದಾರೆ. ಗಾಳಿ ಬೀಸಿದರೆ ನೀರಿನ ಮೈ ಒರಟಾಗುತ್ತದೆ, ರೇಡಾರ್‌ಗೆ ಅದೂ ಬೆಳ್ಳಗೆ ಕಾಣುತ್ತದೆ. ಅಂಥ ದಿನ ಪ್ರೋಗ್ರಾಮ್ ಕಡಲಿನ ಅರ್ಧವನ್ನೇ ಐಸ್‌ಬರ್ಗ್ ಖಾತೆಗೆ ಸೇರಿಸಿಬಿಟ್ಟಿತು.

ಇದಕ್ಕೆ ಮದ್ದು ಅದೇ ಫೈಲ್‌ನಲ್ಲಿತ್ತು. ಸೆಂಟಿನೆಲ್ ಎರಡು ಚಿತ್ರ ಕೊಡುತ್ತದೆ. ಅಡ್ಡಕ್ಕೆ ಅಲುಗುವ ಅಲೆ ಕಳಿಸಿ ಅಡ್ಡ ಅಲೆಯನ್ನೇ ಹಿಡಿದದ್ದು ಒಂದು, ಅಡ್ಡ ಕಳಿಸಿ ಉದ್ದದ್ದನ್ನು ಹಿಡಿದದ್ದು ಇನ್ನೊಂದು. ಎರಡನೆಯದರಲ್ಲಿ ಗಾಳಿಯ ಕಡಲು ಅಷ್ಟಾಗಿ ಹೊಳೆಯೋದಿಲ್ಲ, ಹಿಮ ಎದ್ದು ಕಾಣುತ್ತದೆ. ಅದರಲ್ಲಿ ಉಪಕರಣದ್ದೇ ಗದ್ದಲದ ಪಟ್ಟೆಗಳು ಇರುತ್ತವೆ, ಹಳೆ ಟಿವಿಯಲ್ಲಿ ಬರುತ್ತಿದ್ದವಲ್ಲ, ಹಾಗೆ. ಅದನ್ನು ಕಳೆಯುವ ತಿದ್ದುಪಡಿ ಯುರೋಪಿನವರದೇ ಸ್ನ್ಯಾಪ್ ತಂತ್ರಾಂಶದಲ್ಲಿದೆ. 8 ಜಿಬಿ ರ‍್ಯಾಮ್‌ನಲ್ಲಿ ಅದು ಓಡುವಾಗ ಚಹಾ ಕುಡಿದು ಬರಬಹುದು, ಎರಡು ಸಲ.

ಬೇಸಿಗೆಯ ತೊಂದರೆ ಬೇರೆ. ಹಿಮದ ಮೇಲ್ಮೈ ಕರಗಿ ಒದ್ದೆಯಾದರೆ ರೇಡಾರ್ ಅಲೆಯನ್ನು ನುಂಗಿಬಿಡುತ್ತದೆ. ಬೆಳ್ಳಗಿದ್ದ ಬಂಡೆ ಒಂದು ವಾರ ಕಪ್ಪಗೆ ಕಾಣುತ್ತದೆ. ಅಲ್ಲಿ ಜನವರಿ ಫೆಬ್ರವರಿ ಅಂದರೆ ಬೇಸಿಗೆ. ನಾನು ಶುರು ಮಾಡಿದ್ದೇ ಕೆಟ್ಟ ಮುಹೂರ್ತದಲ್ಲಿ.

ಕೊನೆಗೆ ಏನು ಮಾಡಿದೆ ಅಂದರೆ, ಯಂತ್ರ ಎಳೆದ ಗೆರೆಯನ್ನು ಹಿಂದೆ ಇಟ್ಟುಕೊಂಡು ಕ್ಯೂಜಿಐಎಸ್‌ನಲ್ಲಿ ನಾನೇ ಕೈಯಾರೆ ಅಂಚು ಎಳೆದೆ. ಅಳಿಯನಿಗೆ ಇದು ಸೋಲು ಅನಿಸಿತು. ನನಗೆ ಅನಿಸಲಿಲ್ಲ. ಇಪ್ಪತ್ತು ವರ್ಷ ಬದು ನೋಡಿದ ಕಣ್ಣಿಗೆ ಯಾವುದು ಅಂಚು, ಯಾವುದು ನೆರಳು ಅಂತ ಗೊತ್ತಾಗುತ್ತದೆ.

ಬೆಳೆಯುವ ಗಡ್ಡೆ

ಫೆಬ್ರವರಿ ಕೊನೆಗೆ ಹಳೆಯ ಚಿತ್ರಗಳನ್ನೂ ಸೇರಿಸಿ ಒಂದು ಕೋಷ್ಟಕ ಮಾಡಿದೆವು. ಈ ಗಡ್ಡೆಯ ಕತೆ ದೊಡ್ಡದು. 1986ರ ಆಗಸ್ಟ್‌ನಲ್ಲಿ ಅಂಟಾರ್ಕ್ಟಿಕದ ಫಿಲ್ಶ್ನರ್ ಹಿಮಹಾಸಿನಿಂದ (ನೆಲಕ್ಕೆ ಅಂಟಿಕೊಂಡೇ ಕಡಲ ಮೇಲೆ ತೇಲುವ ಹಿಮ) ಮುರಿದು ಬಂತು. ಅದರ ಬೆನ್ನ ಮೇಲೆ ಸೋವಿಯತ್ ಒಕ್ಕೂಟದ ದ್ರುಜ್ನಾಯಾ-1 ಅನ್ನೋ ಸಂಶೋಧನಾ ನೆಲೆಯೂ ಇತ್ತು. ಸ್ವಲ್ಪ ದೂರ ತೇಲಿ ವೆಡೆಲ್ ಕಡಲಿನ ತಳಕ್ಕೆ ಹೊಟ್ಟೆ ಹತ್ತಿ ನಿಂತುಬಿಟ್ಟಿತು. ಮೂವತ್ತು ವರ್ಷಕ್ಕೂ ಮೇಲೆ ಅಲ್ಲೇ. 2020ರ ಸುಮಾರಿಗೆ ಅಲುಗಾಡಲು ಶುರು ಮಾಡಿ, 2023ರ ಕೊನೆಗೆ ಅಂಟಾರ್ಕ್ಟಿಕ ಪರ್ಯಾಯದ್ವೀಪದ ತುದಿ ದಾಟಿತು.

ಕೋಷ್ಟಕದಲ್ಲಿ ಮೂರು ಸಾಲು. ವೆಡೆಲ್ ಕಡಲಲ್ಲಿ ನಿಂತಿದ್ದಾಗ, 76 ಡಿಗ್ರಿ ದಕ್ಷಿಣ. ತುದಿ ದಾಟುವಾಗ, 62ರ ಹತ್ತಿರ. ಜನವರಿಯಲ್ಲಿ, 57ರ ಹತ್ತಿರ. ಮೊದಲ ಸಾಲಿಗಿಂತ ಎರಡನೇ ಸಾಲಿನ ವಿಸ್ತೀರ್ಣ ಜಾಸ್ತಿ! ಮೂರನೆಯದರಲ್ಲಿ ಸ್ವಲ್ಪ ಇಳಿದಿದೆ, ಆದರೆ ಪೇಪರ್‌ನವರು ಹೇಳಿದ ಎಲ್ಲಕ್ಕಿಂತ ಮೇಲಿದೆ.

"ಮಾಮಾ, ಬಿಸಿ ನೀರಿಗಿ ಬಂದಂಗ ಇದು ಬೆಳಿಲಾಕತ್ತದಲ್ರಿ?"

ಎರಡು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಅಂಚು ಮತ್ತೆ ಎಳೆದೆ. ಚುಕ್ಕೆ ಮತ್ತೆ ಎಣಿಸಿದೆ. ಅದೇ ಉತ್ತರ.

ನಮ್ಮಲ್ಲಿ ಅಳತೆ ತಾಳೆ ಬಾರದಿದ್ದರೆ ಮಾಡೋದು ಒಂದೇ. ಹಳೆಯ ಬಾಂದು ಕಲ್ಲಿಗೆ ಹೋಗೋದು. ಅಲುಗದ, ಎಲ್ಲರೂ ಒಪ್ಪಿದ ಕಲ್ಲು. ಆ ಕಡಲಲ್ಲಿ ಬಾಂದು ಕಲ್ಲು ಎಲ್ಲಿದೆ? ಚಹಾ ಅಂಗಡಿಯಲ್ಲಿ ನಿಂತಾಗ ಹೊಳೆಯಿತು. ದ್ವೀಪವೇ ಇದೆಯಲ್ಲ! ದಕ್ಷಿಣ ಜಾರ್ಜಿಯಾ ದ್ವೀಪದ ವಿಸ್ತೀರ್ಣ 3,528 ಚದರ ಕಿ.ಮೀ. ಅದು ಕರಗೋದಿಲ್ಲ, ತೇಲೋದಿಲ್ಲ. ಗಾತ್ರವೂ ನಮ್ಮ ಗಡ್ಡೆಯಷ್ಟೇ. ರೇಡಾರ್ ಚಿತ್ರದಲ್ಲಿ ಅದರ ಗುಡ್ಡಗಳು ವಾಲಿದ ಹಾಗೆ ಕಾಣುತ್ತವೆ, ಹಾಗಾಗಿ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಕರಾವಳಿ ಗೆರೆಯನ್ನೇ ತೆಗೆದುಕೊಂಡು ನನ್ನ ನಕ್ಷೆ ಮೇಲೆ ಹಾಕಿ ಅಳೆದೆ. 4,060ರ ಹತ್ತಿರ ಬಂತು.

ಅಂಚಿನ ತಪ್ಪಲ್ಲ, ಗಡ್ಡೆಯ ತಪ್ಪಲ್ಲ. ನಕ್ಷೆಯೇ ಸುಳ್ಳು ಹೇಳುತ್ತಿತ್ತು. ಸರಪಳಿಯ ಕೊಂಡಿಗಳು ಕಳಚಿ ಬಿದ್ದು ಗಿಡ್ಡ ಆದರೆ ಹೊಲ ದೊಡ್ಡದಾಗಿ ಅಳತೆಗೆ ಬರುತ್ತದಲ್ಲ, ಥೇಟ್ ಹಾಗೆ.

ನಾನು ಬಳಸಿದ್ದು ಇಪಿಎಸ್‌ಜಿ 3031. ಅಂಟಾರ್ಕ್ಟಿಕದ ಕೆಲಸಕ್ಕೆ ಎಲ್ಲರೂ ಬಳಸುವ ನಕ್ಷೆ ಪದ್ಧತಿ. ಗುಂಡಗಿನ ಭೂಮಿಯನ್ನು ದಕ್ಷಿಣ ಧ್ರುವದ ಕಡೆಯಿಂದ ಚಪ್ಪಟೆ ಮಾಡುತ್ತದೆ. ಅದರಲ್ಲಿ ಅಳತೆ ನಿಜವಾಗಿರೋದು 71 ಡಿಗ್ರಿ ದಕ್ಷಿಣದ ಒಂದೇ ವೃತ್ತದ ಮೇಲೆ. ಅಲ್ಲಿಂದ ಧ್ರುವದ ಕಡೆ ಹೋದರೆ ಎಲ್ಲ ಕುಗ್ಗುತ್ತದೆ, ಹೊರಗೆ ಬಂದರೆ ಹಿಗ್ಗುತ್ತದೆ. ಲೆಕ್ಕ ಹಾಕಿದೆ. 76 ಡಿಗ್ರಿಯಲ್ಲಿ ವಿಸ್ತೀರ್ಣ ಎರಡೂವರೆ ಶೇಕಡಾ ಕಮ್ಮಿ ತೋರಿಸುತ್ತದೆ. 62ರಲ್ಲಿ ಆರೇಳು ಶೇಕಡಾ ಜಾಸ್ತಿ. 57ರಲ್ಲಿ 12. ದ್ವೀಪ ಇರುವ 54ರಲ್ಲಿ 15ಕ್ಕೂ ಮೇಲೆ. ಗಡ್ಡೆ ಉತ್ತರಕ್ಕೆ ತೇಲಿದಷ್ಟೂ ನಕ್ಷೆ ಅದನ್ನು ಊದಿಸುತ್ತಿತ್ತು. ನಿಜವಾದ ಕರಗುವಿಕೆಯನ್ನು ಈ ಊತ ಮುಚ್ಚಿ ಹಾಕಿತ್ತು.

ಇಷ್ಟು ವರ್ಷ ಈ ಕಸುಬಿನಲ್ಲಿದ್ದು ಇದು ಹೊಳೆಯಲಿಲ್ಲ ಯಾಕೆ? ಅದಕ್ಕೂ ಕಾರಣ ಸಿಕ್ಕಿತು. ನಾವು ಬಳಸೋದು ಯುಟಿಎಂ ಅನ್ನೋ ನಕ್ಷೆ ಪದ್ಧತಿಯ 43ನೇ ವಲಯ. ಅದರ ನಡುಗೆರೆ 75 ಡಿಗ್ರಿ ಪೂರ್ವ. ನಡುಗೆರೆಯ ಮೇಲೆ ಅಳತೆ ಹತ್ತು ಸಾವಿರಕ್ಕೆ ನಾಲ್ಕು ಪಾಲು ಕಮ್ಮಿ, ಎರಡೂ ಪಕ್ಕ ಸುಮಾರು 180 ಕಿ.ಮೀ. ದೂರದಲ್ಲಿ ಸರಿಯಾಗಿ ಒಂದಕ್ಕೊಂದು, ಆಮೇಲೆ ಜಾಸ್ತಿ. ಕಲಬುರಗಿ ಇರೋದು 76.8 ಡಿಗ್ರಿಯಲ್ಲಿ. ಅಂದರೆ ನಡುಗೆರೆಯಿಂದ 190 ಕಿ.ಮೀ. ಚಿಲ್ಲರೆ. ನಮ್ಮ ಊರು ಆ ಸರಿಯಾದ ಗೆರೆಯ ಹತ್ತಿರವೇ ಕೂತಿದೆ! ಇಲ್ಲಿ ನಕ್ಷೆ ಮೇಲೆ ಅಳೆದದ್ದೂ ನೆಲದ ಮೇಲೆ ಅಳೆದದ್ದೂ ಒಂದೇ. ನಾನು ಹುಷಾರಿದ್ದೆ ಅಂತ ಅಲ್ಲ, ಊರು ಒಳ್ಳೆ ಜಾಗದಲ್ಲಿತ್ತು.

ಆಮೇಲೆ ಇಪಿಎಸ್‌ಜಿ 6932ಕ್ಕೆ ಬದಲಾಯಿಸಿದೆ. ಅದು ಸಮಕ್ಷೇತ್ರ ನಕ್ಷೆ. ಆಕಾರ ಸ್ವಲ್ಪ ಸೊಟ್ಟ ಆಗುತ್ತದೆ, ವಿಸ್ತೀರ್ಣ ಮಾತ್ರ ಎಲ್ಲಿ ಇಟ್ಟರೂ ಕೆಡೋದಿಲ್ಲ. ದ್ವೀಪ 3,500ರ ಆಸುಪಾಸಿಗೆ ಬಂದು ಕೂತಿತು. ಗಡ್ಡೆಯೂ ಸುಮ್ನೆ ಇಳಿಯುತ್ತ ಹೋಯಿತು, ಮೂರೂ ಸಾಲು ಸರಿಯಾದ ಕ್ರಮದಲ್ಲಿ. ಅವತ್ತು ಸಂಜೆ ಅಳಿಯನಿಗೆ ಮಿರ್ಚಿ ಭಜಿ ಕೊಡಿಸಿದೆ.

ಗಾಣದ ಎತ್ತು

2024ರಲ್ಲಿ ಈ ಗಡ್ಡೆ ತಿಂಗಳುಗಟ್ಟಲೆ ಒಂದೇ ಕಡೆ ಗಿರಗಿರ ತಿರುಗಿತ್ತು. ದಕ್ಷಿಣ ಆರ್ಕ್ನಿ ದ್ವೀಪಗಳ ಉತ್ತರಕ್ಕೆ, ಪೀರಿ ಬ್ಯಾಂಕ್ ಅನ್ನೋ ಕಡಲೊಳಗಿನ ದಿಬ್ಬದ ಮೇಲೆ. ಹರಿಯುವ ನೀರು ದಿಬ್ಬಕ್ಕೆ ಬಡಿದು ಮೇಲೆ ಒಂದು ಸುಳಿಯ ಕಂಬ ಏಳುತ್ತದೆ. ಟೇಲರ್ ಕಾಲಮ್ ಅಂತಾರೆ. ಅದರೊಳಗೆ ಸಿಕ್ಕ ಗಡ್ಡೆ ದಿನಕ್ಕೆ ಸುಮಾರು 15 ಡಿಗ್ರಿಯಂತೆ ಗಡಿಯಾರಕ್ಕೆ ಉಲ್ಟಾ ತಿರುಗಿತು. 24 ದಿನಕ್ಕೆ ಒಂದು ಸುತ್ತು. ಗಾಣದ ಎತ್ತು ಇದಕ್ಕಿಂತ ಜೋರಾಗಿ ಹೋಗುತ್ತದೆ.

ಆ 15 ಡಿಗ್ರಿ ನಮ್ಮ ಚಿತ್ರದಲ್ಲೂ ಸಿಗುತ್ತದೆಯೇ ಅಂತ ನೋಡಬೇಕಿತ್ತು. ಅಳಿಯನ ಉಪಾಯ, ಗಡ್ಡೆಯ ಸುತ್ತ ಅತಿ ಚಿಕ್ಕ ಆಯತ ಕೂಡಿಸಿ ಅದರ ಉದ್ದದ ಬದಿ ಯಾವ ಕಡೆ ನೋಡುತ್ತದೆ ಅಂತ ಹಿಡಿಯೋದು. ಐದಾರು ಚಿತ್ರ ಚೆನ್ನಾಗಿ ಹೋಯಿತು. ಆಮೇಲೆ ಒಂದೇ ದಿನದಲ್ಲಿ 90 ಡಿಗ್ರಿ ಜಿಗಿತ! ಮತ್ತೆ ವಾಪಸ್. ಗಡ್ಡೆ ಹೆಚ್ಚುಕಮ್ಮಿ ಚೌಕ ಇದೆ, ಉದ್ದಕ್ಕೂ ಅಗಲಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಗೆರೆ ಕೂದಲೆಳೆ ಆಚೀಚೆ ಆದರೂ ಆಯತಕ್ಕೆ ಉದ್ದ ಯಾವುದು, ಅಗಲ ಯಾವುದು ಗೊತ್ತಾಗೋದಿಲ್ಲ. ಅದನ್ನು ಬಿಟ್ಟು ಒಂದು ಮೂಲೆಯನ್ನು ಗುರುತು ಮಾಡಿಕೊಂಡೆವು. ನಡುಬಿಂದುವಿನಿಂದ ಆ ಮೂಲೆಗೆ ಗೆರೆ, ಅದರ ಕೋನ ಅಷ್ಟೆ. ಚಿತ್ರದಿಂದ ಚಿತ್ರಕ್ಕೆ ನಯವಾಗಿ ಬಂತು.

ಈ ಕೆಲಸಕ್ಕೆ ಮತ್ತೆ 3031 ಬೇಕಾಯಿತು ನೋಡಿ. ಅದು ವಿಸ್ತೀರ್ಣದಲ್ಲಿ ಸುಳ್ಳು ಹೇಳುತ್ತದೆ, ಕೋನದಲ್ಲಿ ಹೇಳೋದಿಲ್ಲ. 6932 ಅದರ ತದ್ವಿರುದ್ಧ. ಈಗ ಎರಡೂ ಇಟ್ಟುಕೊಂಡಿದ್ದೇನೆ. ಫೋಲ್ಡರ್ ಹೆಸರೇ 'ಕೋನ' ಮತ್ತು 'ಕ್ಷೇತ್ರ'.

ಚುಕ್ಕೆ ನಿಂತುಬಿಟ್ಟಿತು

ಮಾರ್ಚ್‌ನಲ್ಲಿ ಶರಣಬಸವೇಶ್ವರರ ಜಾತ್ರೆ. ಒಂದು ವಾರ ಆಫೀಸ್ ಕಡೆ ಯಾರೂ ಗಮನ ಕೊಡಲಿಲ್ಲ. ಸ್ಕ್ರಿಪ್ಟ್ ತನ್ನಷ್ಟಕ್ಕೆ ಓಡುತ್ತಿತ್ತು. ಜಾತ್ರೆ ಮುಗಿಸಿ ಬಂದು ನೋಡಿದರೆ ನಕ್ಷೆ ಮೇಲಿನ ಚುಕ್ಕೆ ಅಲುಗಿಲ್ಲ. ಒಂದರ ಮೇಲೊಂದು ಚುಕ್ಕೆ ಕೂತಿವೆ.

ಸ್ಕ್ರಿಪ್ಟ್ ಹಳೆ ಫೈಲನ್ನೇ ಮತ್ತೆ ಮತ್ತೆ ಓದುತ್ತಿದೆ ಅಂದುಕೊಂಡೆವು. ಅಳಿಯ ಎರಡು ದಿನ ಕೋಡ್ ಬಗೆದು ಹಾಕಿದ. ಫೈಲಿನ ದಿನಾಂಕ ನೋಡಿದ, ಫೋಲ್ಡರ್ ಅಳಿಸಿ ಮೊದಲಿಂದ ಇಳಿಸಿದ. ಎಲ್ಲ ಸರಿ ಇತ್ತು. ನಿಂತದ್ದು ಗಡ್ಡೆಯೇ! ಮಾರ್ಚ್ ಮೊದಲಿಗೇ ಅದು ದ್ವೀಪದಿಂದ ನೂರು ಕಿ.ಮೀ. ಒಳಗೆ ಆಳ ಕಡಿಮೆ ಇರುವ ಕಡೆ ತಳ ಹತ್ತಿ ನಿಂತಿತ್ತು. ಜಗತ್ತಿಗೆಲ್ಲ ಗೊತ್ತಾದ ಸುದ್ದಿ. ನಾವಿಬ್ಬರೇ ನಮ್ಮ ಕೋಡ್ ರಿಪೇರಿ ಮಾಡುತ್ತ ಕೂತಿದ್ದೆವು.

ಇದಾದ ಮೇಲೆ ಕೋಷ್ಟಕಕ್ಕೆ ಇನ್ನೊಂದು ಕಂಬಸಾಲು ಸೇರಿಸಿದೆ. ಪ್ರತಿ ಸಲ ದ್ವೀಪವನ್ನೂ ಅಳೆಯೋದು. ದ್ವೀಪದ ಅಳತೆ ಬದಲಾಗದೆ ಗಡ್ಡೆಯದು ಬದಲಾದರೆ ಅದು ಸುದ್ದಿ. ಎರಡೂ ಬದಲಾದರೆ ನಮ್ಮ ತಪ್ಪು.

ಮೇ ತಿಂಗಳು

ಹೊರಗೆ 43 ಡಿಗ್ರಿ. ಮಧ್ಯಾಹ್ನ ಡೆಸ್ಕ್‌ಟಾಪ್ ತಾನಾಗಿ ಆರಿಹೋಗಲು ಶುರುವಾಯಿತು. ಬಿಚ್ಚಿದರೆ ಫ್ಯಾನ್ ತುಂಬ ಧೂಳು. ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆ ಆಗಿತ್ತು. ಪೇಸ್ಟ್ ಹೊಸದು ಹಚ್ಚಿದೆ, ಬ್ಲೋಯರ್ ಹೊಡೆದೆ. ಪೆಟ್ಟಿಗೆಯನ್ನು ಮೇಜಿನಿಂದ ಇಳಿಸಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಇಟ್ಟೆ. ದೊಡ್ಡ ಲೆಕ್ಕಗಳನ್ನು ಬೆಳಗಿನ ಜಾವ ನಾಲ್ಕಕ್ಕೆ ಓಡುವಂತೆ ಇಟ್ಟೆವು. ಆಮೇಲೆ ಆರಲಿಲ್ಲ.

ಅತ್ತ ಗಡ್ಡೆ ತಳ ಬಿಟ್ಟು ಮತ್ತೆ ಹೊರಟಿತ್ತು. ಈಗ ನಿಜವಾದ ಪೋಡಿ ಕೆಲಸ ಶುರು. ಅಂಚಿನಿಂದ ಸಾವಿರಾರು ಚೂರು ಉದುರಿ ಸುತ್ತ ಚೆಲ್ಲಿಕೊಂಡಿದ್ದವು, ಅಂಗಳದಲ್ಲಿ ಜೋಳ ಚೆಲ್ಲಿದ ಹಾಗೆ. ಮಾರ್ಚ್‌ನಿಂದ ಮೇ ನಡುವೆ 500 ಚದರ ಕಿ.ಮೀ.ಗೂ ಹೆಚ್ಚು ಹೋಗಿತ್ತು. ಎಕರೆ ಲೆಕ್ಕದಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಮೇಲೆ. ನಮ್ಮ ಪ್ರೋಗ್ರಾಮ್‌ಗೆ ಇದು ದೊಡ್ಡ ತಲೆನೋವು. ಚೂರು ತಾಯಿಗೆ ಅಂಟಿಕೊಂಡೇ ತೇಲುತ್ತಿದ್ದರೆ 40 ಮೀಟರ್ ಚುಕ್ಕೆಯಲ್ಲಿ ನಡುವಿನ ನೀರು ಕಾಣೋದಿಲ್ಲ. ಒಡೆದದ್ದೂ ಒಡೆಯದ ಲೆಕ್ಕಕ್ಕೆ ಹೋಗುತ್ತದೆ. ಮೂರು ದಿನ ಬಿಟ್ಟು ದೂರ ಸರಿದ ಮೇಲೆ ವಿಸ್ತೀರ್ಣ ಒಮ್ಮೆಲೇ ಧಪ್ ಅಂತ ಬೀಳುತ್ತದೆ. ಹಾಗಾಗಿ ಒಂದು ದಿನದ ಇಳಿತ ನೋಡಿ ಗಾಬರಿ ಬೀಳಬಾರದು ಅಂತ ಕೋಷ್ಟಕದ ಮೇಲೆ ಬರೆದಿಟ್ಟೆ. ಮೋಡ ಇಲ್ಲದ ದಿನ ನಾಸಾದ ಮೋಡಿಸ್ ಅನ್ನೋ ಉಪಗ್ರಹ ಕ್ಯಾಮೆರಾದ ಚಿತ್ರವನ್ನೂ ಪಕ್ಕದಲ್ಲಿ ತೆರೆದು ನೋಡುತ್ತಿದ್ದೆ. ಅದು 250 ಮೀಟರ್ ಚುಕ್ಕೆಯದು, ಒರಟು. ಆದರೆ ಬಿಳಿ ಹಿಮ, ನೀಲಿ ನೀರು ಅಂತ ಬೇರೆ ಬೇರೆ ಕಾಣುತ್ತವೆ. ಅನುಮಾನ ಬಂದಾಗ ಎರಡನೇ ಸಾಕ್ಷಿ ಇದ್ದ ಹಾಗೆ.

ಜೂನ್‌ನಲ್ಲಿ ಆಳಂದ ಕಡೆಯ ಒಬ್ಬ ಹಿರಿಯರು ಪೋಡಿ ಕೆಲಸಕ್ಕೆ ಬಂದಿದ್ದರು. ಗೋಡೆ ಮೇಲಿನ ನಕ್ಷೆ ನೋಡಿದರು.

"ಇದ್ ಯಾನ್ರಿ? ಯಾರ ಹೊಲ?"

"ಹೊಲ ಅಲ್ರಿ ಕಾಕಾ, ಐಸ್. ಸಮುದ್ರದಾಗ ತೇಲತದ."

"ಎಷ್ಟ್ ಎಕರೆ ಅದ?"

"ಶುರುಕ್ಕ ಎಂಟೂವರೆ ಲಕ್ಷದ ಮ್ಯಾಲೆ ಇತ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಪಹಣಿ ಯಾರ ಹೆಸರಿಗದ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ನಾಲ್ಕು ಎಕರೆ ಇಪ್ಪತ್ತು ಗುಂಟೆಯ ಕಡತ ತೆಗೆದೆ.

ಹಿಂದಿನ ದಾರಿ

ಸೆಂಟಿನೆಲ್ ಬಂದದ್ದು 2014ರಲ್ಲಿ. ಅದಕ್ಕೂ ಹಿಂದೆ ಇಂಥ ಗಡ್ಡೆಗಳ ದಾರಿ ಯಾರು ಬರೆದಿಟ್ಟರು ಅಂತ ಹುಡುಕಿದಾಗ ಒಂದು ಒಳ್ಳೆಯ ಸಂಗತಿ ಸಿಕ್ಕಿತು. ಕಡಲಿನ ಗಾಳಿ ಅಳೆಯಲು ಸ್ಕ್ಯಾಟರೋಮೀಟರ್ ಅನ್ನೋ ಉಪಕರಣ ಇದೆ. ಅದೂ ರೇಡಾರೇ, ಆದರೆ ತುಂಬ ಒರಟು. ಕಿಲೋಮೀಟರ್‌ಗಟ್ಟಲೆಯ ಚುಕ್ಕೆ. ದೊಡ್ಡ ಐಸ್‌ಬರ್ಗ್ ಅದರಲ್ಲಿ ಒಂದು ಹೊಳೆಯುವ ಕಲೆಯ ಹಾಗೆ ಕಾಣುತ್ತದೆ. ಹೆಚ್ಚುಕಮ್ಮಿ ದಿನಾಲೂ ಇಡೀ ಅಂಟಾರ್ಕ್ಟಿಕ ನೋಡುತ್ತದೆ, ಅದೇ ಅದರ ಲಾಭ. ಅಮೆರಿಕದ ಬ್ರಿಗ್ಯಾಮ್ ಯಂಗ್ ವಿಶ್ವವಿದ್ಯಾಲಯದವರು ಇಂಥ ಹಲವು ಉಪಗ್ರಹಗಳಿಂದ ಗಡ್ಡೆಗಳ ದಾರಿ ಕೂಡಿಸಿಟ್ಟಿದ್ದಾರೆ. ಅದರಲ್ಲಿ 2009ರಲ್ಲಿ ಶ್ರೀಹರಿಕೋಟಾದಿಂದ ಹೋದ ನಮ್ಮ ಓಷನ್‌ಸ್ಯಾಟ್-2 ಕೂಡ ಇದೆ. ಗಾಳಿ ಅಳೆಯಲು ಕಳಿಸಿದ್ದು, ಗಡ್ಡೆ ಕಾಯುವ ಕೆಲಸವನ್ನೂ ಮಾಡಿದೆ.

ಆ ಪಟ್ಟಿಯಲ್ಲಿ ಹಳೆಯ ದೈತ್ಯರೆಲ್ಲ ಇದ್ದಾರೆ. 2000ದ ಮಾರ್ಚ್‌ನಲ್ಲಿ ರಾಸ್ ಹಿಮಹಾಸಿನಿಂದ ಬಿದ್ದ ಬಿ15, ಸುಮಾರು 11,000 ಚದರ ಕಿ.ಮೀ. ನಮ್ಮ ಕಲಬುರಗಿ ಜಿಲ್ಲೆ 10,951. ಅಫಜಲಪುರದಿಂದ ಚಿಂಚೋಳಿ ತನಕ ಇಡೀ ಜಿಲ್ಲೆ ಒಂದೇ ತುಂಡಾಗಿ ತೇಲಿತು ಅಂದುಕೊಳ್ಳಿ. 2017ರ ಎ68, 5,800. ಬೀದರ್ ಜಿಲ್ಲೆಗಿಂತ ಸ್ವಲ್ಪ ದೊಡ್ಡದು. ಅದೂ ಇದೇ ದಕ್ಷಿಣ ಜಾರ್ಜಿಯಾ ಹತ್ತಿರ ಬಂದು, 2021ರ ಏಪ್ರಿಲ್ ಹೊತ್ತಿಗೆ ಪುಡಿಯಾಗಿ ಹೋಯಿತು.

ಸೆಪ್ಟೆಂಬರ್

2025ರ ಸೆಪ್ಟೆಂಬರ್‌ನಲ್ಲಿ ಇದನ್ನು ಬರೆಯುವ ಹೊತ್ತಿಗೆ ಎ23ಎ ವರ್ಷದ ಶುರುವಿನ ಅರ್ಧಕ್ಕಿಂತ ಕಮ್ಮಿ ಆಗಿತ್ತು. ದ್ವೀಪವನ್ನು ಸುತ್ತಿ ಉತ್ತರಕ್ಕೆ ಹೋಗಿತ್ತು, ನೀರು ಬೆಚ್ಚಗಾಗುತ್ತಿತ್ತು. ಹಿಸ್ಸಾ ಅಕ್ಷರಗಳು ಎ23ಐ ತನಕ ಬಂದಿದ್ದವು. ಅತಿ ದೊಡ್ಡದು ಅನ್ನೋ ಪಟ್ಟ ಡಿ15ಎಗೆ ಹೋಗಿತ್ತು. ಅದು ಪೂರ್ವ ಅಂಟಾರ್ಕ್ಟಿಕದಲ್ಲಿ, ಆಸ್ಟ್ರೇಲಿಯಾದ ಡೇವಿಸ್ ಕೇಂದ್ರದ ಕಡೆ. ನಮ್ಮ ದೇಶದ ಭಾರತಿ ಸಂಶೋಧನಾ ಕೇಂದ್ರ ಇರುವ ಲಾರ್ಸ್‌ಮನ್ ಬೆಟ್ಟಗಳೂ ಅದೇ ಕರಾವಳಿಯಲ್ಲಿವೆ.

ಹಾರ್ಡ್‌ಡಿಸ್ಕ್ ಮುಕ್ಕಾಲು ತುಂಬಿದೆ. ಹಳೆಯ ಮೂಲ ಚಿತ್ರಗಳನ್ನು ಅಳಿಸಿ, ಕೈಯಿಂದ ಎಳೆದ ಅಂಚುಗಳನ್ನು ಮಾತ್ರ ಉಳಿಸಿಕೊಳ್ಳುತ್ತಿದ್ದೇನೆ. ಜುಲೈ 30ರಂದು ಹೋದ ಭಾರತ-ಅಮೆರಿಕದ ರೇಡಾರ್ ಉಪಗ್ರಹ ನೈಸಾರ್‌ನ ಚಿತ್ರಗಳು ಸಿಕ್ಕರೆ ಅವನ್ನೂ ನೋಡಬೇಕು. ಅದರ ಅಲೆ ಉದ್ದ ಬೇರೆ, ಒದ್ದೆ ಹಿಮದಲ್ಲಿ ಹೇಗೆ ಕಾಣುತ್ತದೋ ನೋಡೋಣ.

ಇವತ್ತು ರಾತ್ರಿ ಡಿ15ಎಯ ಮೊದಲ ಚಿತ್ರ ಇಳಿಯಲು ಹಾಕಿದ್ದೇವೆ. ಅದು 67 ಡಿಗ್ರಿಯ ಹತ್ತಿರ ಇದೆ. ಅಲ್ಲಿ 3031ರ ತಪ್ಪು ಎರಡೂವರೆ ಶೇಕಡಾ ಮಾತ್ರ. ಅಷ್ಟಕ್ಕೆ ಬೇರೆ ನಕ್ಷೆ ಯಾಕೆ ಅಂತ ಅಳಿಯ ಕೇಳಿದ. ಮೂರು ಸಾವಿರ ಚದರ ಕಿ.ಮೀ.ಗೆ ಎರಡೂವರೆ ಶೇಕಡಾ ಎಷ್ಟು ಎಕರೆ ಆಗುತ್ತದೆ, ಲೆಕ್ಕ ಹಾಕು ಅಂದೆ. ಹದಿನೆಂಟು ಸಾವಿರದ ಮೇಲೆ ಬಂತು. ಸುಮ್ಮನೆ 6932ರ ಫೋಲ್ಡರ್ ತೆರೆದ.